ಶುಕ್ರವಾರದ ಪಾನಕ

೧೯೮೮ನೆಯ ಇಸವಿ. ಆಗ ನನಗೆ ಮೂವತ್ತೊಂದು ವರ್ಷ. ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದೆ. ನನಗಿಂತ ಐದು ವರ್ಷ ಹಿರಿಯಳಾದ ಅಕ್ಕ ಅದೇ ಊರಿನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ಭಾವನ ಮಗ್ಗದ ಮನೆಯಲ್ಲಿದ್ದಳು. ಶುಕ್ರವಾರಗಳಂದು ಮಧ್ಯಾಹ್ನ ಅವಳ ಮೈಮೇಲೆ ದೇವಿ ಬರುತ್ತಿದ್ದಳು.

ಈ ಕೊನೆಯ ವಾಕ್ಯವನ್ನು ತಿದ್ದಬೇಕೆಂದು ಹಲವು ಸಲ ಯೋಚಿಸಿದ್ದೇನೆ. ವಾಕ್ಯಗಳನ್ನು ತಿದ್ದುವುದೇ ನನ್ನ ವೃತ್ತಿಯಾಗಿತ್ತು. ಈಗ ಶಾಲೆ ಬಿಟ್ಟ ಮೇಲೂ ಆ ಚಟ ಬಿಟ್ಟಿಲ್ಲ. ಆದರೆ ಅಂದು ನಮ್ಮ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಅದನ್ನು ಹೇಳಲು ಬೇರೊಂದು ವಾಕ್ಯವಿರಲಿಲ್ಲ. ಆದ್ದರಿಂದ ಅದು ಇದ್ದಂತೆಯೇ ಇರಲಿ.

ಅಕ್ಕ ಗುರುವಾರ ರಾತ್ರಿ ಉಂಡರೆ ಶುಕ್ರವಾರ ಸಂಜೆ ದೀಪ ಹಚ್ಚುವವರೆಗೆ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಅದು ನಮ್ಮ ತಂದೆಯ ತಾಯಿಯ ಕಾಲದಿಂದ ಬಂದ ಹರಕೆ. ಮನೆಯ ಒಬ್ಬ ಹೆಣ್ಣುಮಗಳು ಅದನ್ನು ನಡೆಸಬೇಕು. ಒಬ್ಬಳು ಬಿಟ್ಟರೆ ಇನ್ನೊಬ್ಬಳು ಹಿಡಿಯಬೇಕು. ಹೊಟ್ಟೆ ಖಾಲಿಯಿದ್ದರೂ ಕೆಲಸಕ್ಕೆ ಬಿಡುವಿರಲಿಲ್ಲ. ಮುಂಭಾಗದಲ್ಲಿ ಭಾವನ ನಾಲ್ಕು ವಿದ್ಯುತ್ ಮಗ್ಗಗಳು ಬಡಿಯುತ್ತಿದ್ದವು. ಪಕ್ಕದಲ್ಲಿ ಕೂತು ಅಕ್ಕ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗಳಿಗೆ, ಕಂಡಿಕೆಗಳಿಗೆ, ನೂಲು ಸುತ್ತುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕೈ ನಡುಗಿ ಎಳೆ ಕಡಿಯುತ್ತಿತ್ತು. ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ಕಣ್ಣು ಒಂದು ಕಡೆ ನಿಂತುಬಿಡುತ್ತಿತ್ತು. ಭಾವ ನಾಲ್ಕೂ ಮಗ್ಗಗಳ ಸ್ವಿಚ್ಚು ಆರಿಸುತ್ತಿದ್ದರು. ಇಡೀ ಬೀದಿಯಲ್ಲಿ ಮಗ್ಗದ ಸದ್ದು ನಡೆಯುತ್ತಿರುವಾಗ ಒಂದು ಮನೆ ಮಾತ್ರ ನಿಶ್ಶಬ್ದವಾದರೆ ಅದು ಎಲ್ಲರಿಗೂ ಕೇಳುತ್ತದೆ. ಎದುರು ಮನೆಯಾಕೆ ಮೊದಲಾಗಿ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಬಂದು ಕೂರುತ್ತಿದ್ದರು.

"ತಾಯೀ, ಈ ಸಲ ಗೌರಿ ಹಬ್ಬಕ್ಕೆ ನಮ್ಮ ಸೀರೆ ಹೋಗುತ್ತಾ?" ಎಂದು ಎದುರು ಮನೆಯಾಕೆ ಕೈಮುಗಿದು ಕೇಳುವಳು.

"ಹೋಗುತ್ತೆ... ಹೋಗುತ್ತೆ..." ಅಕ್ಕನ ನಾಲಗೆ ತೊದಲುತ್ತಿತ್ತು. "ಎಲ್ಲಿಗೆ?"

"ಎಲ್ಲಿಗೆ ಅಂತ ನಮ್ಮನ್ನೇ ಕೇಳ್ತವ್ಳಲ್ರೇ ತಾಯಿ!"

"ಸುಮ್ನಿರೇ, ಎದುರು ಮಾತಾಡ್ಬೇಡ. ಮೊದ್ಲು ಪಾನಕ ಕೊಡಿ, ಹಸಿದವ್ಳೆ."

ಬೆಲ್ಲ ಕರಗಿಸಿ, ನಿಂಬೆ ಹಿಂಡಿ, ಏಲಕ್ಕಿ ಹಾಕಿದ ಪಾನಕ ಬೆಳಿಗ್ಗೆಯೇ ಹಿತ್ತಾಳೆ ಚೊಂಬಿನಲ್ಲಿ ಸಿದ್ಧವಾಗಿರುತ್ತಿತ್ತು. ದೇವಿ ಬಂದಾಗ ಪಾನಕ ಕೊಟ್ಟು ಕಳಿಸುವುದು ನಮ್ಮ ಮನೆಯ ಕ್ರಮ. ಅರ್ಧ ಚೊಂಬು ಒಳಗೆ ಹೋಗಿ ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಯಾಕ್ರೇ, ಎಲ್ಲಾ ಬಂದ್ಬಿಟ್ಟಿದೀರಿ?" ಎನ್ನುತ್ತಿದ್ದಳು. ಹೆಂಗಸರು ನಗುತ್ತಾ ಏಳುತ್ತಿದ್ದರು. ಮಗ್ಗಗಳು ಮತ್ತೆ ಬಡಿಯತೊಡಗುತ್ತಿದ್ದವು.

ಆ ವರ್ಷದ ಆಷಾಢದಲ್ಲಿ ದೇವಿ ಸೋಮವಾರ ಬೆಳಿಗ್ಗೆ ಬಂದಳು. ಹಿಂದಿನ ರಾತ್ರಿ ಆರ್ಡರಿನ ಸೀರೆಗಳ ಗಡಿಬಿಡಿಯಲ್ಲಿ ಅಕ್ಕ ಊಟ ಮಾಡಿರಲಿಲ್ಲ. ನನಗೆ ಸುದ್ದಿ ಬಂದು ನಾನು ಓಡಿಹೋಗುವಷ್ಟರಲ್ಲಿ ಅವಳು ನೆಲದ ಮೇಲೆ ಬಿದ್ದು ಕೈಕಾಲು ಸೆಟೆಯುತ್ತಿದ್ದಳು. ಪಾನಕ ಮಾಡಿರಲಿಲ್ಲ, ಸೋಮವಾರ ಯಾರು ಮಾಡುತ್ತಾರೆ? ಭಾವ ಅವಳ ಅಂಗೈಯಲ್ಲಿ ಕಬ್ಬಿಣದ ಬೀಗದ ಕೈ ಗೊಂಚಲಿಟ್ಟು ಬೆರಳು ಮುಚ್ಚಿ ಹಿಡಿದಿದ್ದರು.

"ಸ್ವಲ್ಪ ಪಾನಕ ಮಾಡ್ಲಾ?" ಎಂದು ನಮ್ಮವ್ವ ಅಳುತ್ತಾ ಕೇಳಿದಳು.

"ಸೋಮವಾರ ಯಾವ ದೇವಿ ಬರ್ತಾಳ್ರೀ? ಇದು ಗಾಳಿ. ಈರುಳ್ಳಿ ತನ್ನಿ," ಎಂದಳು ಎದುರು ಮನೆಯಾಕೆ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಅಲ್ಲಿದ್ದ ವೈದ್ಯರು ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿ, ನಂಬಲಾರದೆ ಇನ್ನೊಮ್ಮೆ ನೋಡಿ, ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿದರು. ಸೂಜಿ ಇನ್ನೂ ಕೈಯಲ್ಲಿರುವಾಗಲೇ ಅಕ್ಕ ಕಣ್ಣು ಬಿಟ್ಟು, ಇನ್ನೊಂದು ಕೈ ಬಿಡಿಸಿ ನೋಡಿ, "ಬೀಗದ ಕೈ ನನ್ನ ಹತ್ರ ಯಾಕಿದೆ? ಬೀರು ತೆಗೆದಿಟ್ಟು ಬಂದ್ಬಿಟ್ರಾ?" ಎಂದಳು.

ವೈದ್ಯರು ನಮ್ಮನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಯಲಹಂಕದ ದಾರಿಯ ಬಸ್ಸಿನಲ್ಲಿ ಮುಂದಿನ ಹತ್ತು ವರ್ಷ ನಾನು ಎಷ್ಟು ಸಲ ಕೂತೆನೋ ನೆನಪಿಲ್ಲ. ಆ ದಾರಿಯ ದಣಿವು ಮಾತ್ರ ಇಂದಿಗೂ ಮೊಣಕಾಲಿನಲ್ಲಿದೆ.

ದೊಡ್ಡಾಸ್ಪತ್ರೆಯ ಶಸ್ತ್ರವೈದ್ಯರು ಹಿರಿಯರು, ನಿಧಾನದ ಮಾತಿನವರು. ಅವರು ಹೇಳಿದ ಮೊದಲ ಪರೀಕ್ಷೆ ಕೇಳಿ ನಮಗೆಲ್ಲ ವಿಚಿತ್ರವೆನಿಸಿತು.

"ಉಪವಾಸ ಇರಬೇಕಾಗುತ್ತಮ್ಮಾ. ನೀರು ಬಿಟ್ಟು ಬೇರೇನೂ ಇಲ್ಲ. ಮಧ್ಯೆ ಮಧ್ಯೆ ರಕ್ತ ತೆಗೀತೀವಿ. ಸ್ವಲ್ಪ ಕಷ್ಟ."

"ಅದಕ್ಕೇನ್ ಸಾರ್, ವಾರಾವಾರ ಮಾಡ್ತೀನಿ," ಎಂದಳು ಅಕ್ಕ. "ಇಲ್ಲಿ ಪೂಜೆ ಯಾವ ದೇವರಿಗೆ?"

ಅವರು ನಕ್ಕರು. ಮರುದಿನ ಹಗಲು, ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿ, ಅಕ್ಕನ ಕಣ್ಣು ಎಂದಿನಂತೆ ಒಂದು ಕಡೆ ನಿಂತಿತು. ಅವ್ವ ಮನೆಯಿಂದ ಚೊಂಬು ತಂದಿದ್ದಳು. ನರ್ಸು ಅದನ್ನು ಅಡ್ಡಗೈಯಲ್ಲಿ ತಡೆದು ಅಕ್ಕನ ತೋಳಿಗೆ ಪಟ್ಟಿ ಬಿಗಿದಳು.

"ಕೊಡು ಮಗಳೇ, ಒಂದು ಗುಟುಕು ಕೊಡು. ತಾಯಿ ಬಂದವ್ಳೆ."

"ಎರಡು ನಿಮಿಷ ಅಜ್ಜಿ. ರಕ್ತ ತಗೊಂಡ್ಬಿಡ್ತೀನಿ."

"ತಾಯಿ ಕಾಯಲ್ಲಮ್ಮಾ!"

"ಕಾಯ್ತಾಳೆ ಅಜ್ಜಿ. ಇನ್ನೇನು ಮುಗೀತು."

ರಕ್ತ ಸೀಸೆಗೆ ಇಳಿಯಿತು, ಆಮೇಲೆ ಗ್ಲೂಕೋಸ್ ಏರಿತು, ದೇವಿ ಹೋದಳು. ಶಸ್ತ್ರವೈದ್ಯರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿಯಿದೆ. ಊಟ ಮಾಡಿದಾಗ ಅದು ಇನ್ಸುಲಿನ್ ಸುರಿಸಿ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಹಸಿದಾಗ ಸುಮ್ಮನಾಗುತ್ತದೆ. ಅಕ್ಕನ ಗ್ರಂಥಿಯಲ್ಲಿ ಒಂದು ಸಣ್ಣ ಗಡ್ಡೆ ಬೆಳೆದಿದೆ. ಅದಕ್ಕೆ ಸುಮ್ಮನಾಗುವುದು ಗೊತ್ತಿಲ್ಲ. ಖಾಲಿ ಹೊಟ್ಟೆಯಲ್ಲೂ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಮಿದುಳಿಗೆ ಸಕ್ಕರೆ ಸಿಗದೆ ಮಾತು ತೊದಲುತ್ತದೆ, ಮೈ ಬೆವರುತ್ತದೆ, ಕೊನೆಗೆ ಮನುಷ್ಯ ಬೀಳುತ್ತಾನೆ. ತೀರಾ ಅಪರೂಪದ ಗಡ್ಡೆ, ಆದರೆ ಹೆಚ್ಚಾಗಿ ಒಂದೇ ಇರುತ್ತದೆ, ತೆಗೆದರೆ ಮುಗಿಯಿತು ಎಂದರು. ಆಮೇಲೆ, ಕೇಳಲೇಬೇಕಾದದ್ದೆಂಬಂತೆ, ಕೇಳಿದರು:

"ನಿಮ್ಮ ಕುಟುಂಬದಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಇತ್ತೇ?"

ಅವ್ವನಿಗೆ ಅವಮಾನವಾದಂತಾಯಿತು. "ನಮ್ಮ ವಂಶದಲ್ಲಿ ಅಂಥಾ ಕಾಯಿಲೆ ಯಾರಿಗೂ ಇಲ್ಲ ಸ್ವಾಮಿ."

ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ನಾನೂ ಪಕ್ಕದಲ್ಲೇ ಕೂತಿದ್ದೆ. ನನ್ನನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.

ಶಸ್ತ್ರಚಿಕಿತ್ಸೆ ನಡೆಯಿತು. ಯಂತ್ರದ ಚಿತ್ರಗಳಲ್ಲಿ ಸರಿಯಾಗಿ ಕಾಣದ ಗಡ್ಡೆಯನ್ನು ಬೆರಳಿನಿಂದ ಸವರಿ ಹುಡುಕಿದೆವೆಂದು ವೈದ್ಯರು ಹೇಳಿದರು, ಹಸಿ ಅವರೆಕಾಳಿನಷ್ಟಿತ್ತಂತೆ. ಕ್ಯಾನ್ಸರ್ ಅಲ್ಲವೆಂದು ವರದಿ ಬಂತು. ಚೇತರಿಸಿಕೊಂಡ ಮೇಲೆ ಅಕ್ಕ ಯಾರ ಮಾತನ್ನೂ ಕೇಳದೆ ಮತ್ತೆ ಶುಕ್ರವಾರದ ಉಪವಾಸ ಹಿಡಿದಳು. ದೇವಿ ಬರಲಿಲ್ಲ. ಮಗ್ಗಗಳು ಸಂಜೆಯವರೆಗೂ ಬಡಿದವು.

ಬೀದಿಗೆ ಇದು ಸರಿಬರಲಿಲ್ಲ. "ದೇವೀನ ಕುಯ್ಸಿ ತೆಗ್ಸಿ ಬಂದ್ರಲ್ಲಾ," ಎಂದು ಎದುರು ಮನೆಯಾಕೆ ಭಾವನ ಮುಖಕ್ಕೇ ಹೇಳಿದಳು. ಅಕ್ಕ ನಕ್ಕುಬಿಡುತ್ತಿದ್ದಳು. ಒಮ್ಮೆ ಮಾತ್ರ ನಾನು ಒಬ್ಬನೇ ಇದ್ದಾಗ ಹೇಳಿದಳು: "ಆರೋಗ್ಯವಾಗಿದೀನಿ ಕಣೋ. ಆದ್ರೆ ಶುಕ್ರವಾರ ಮಧ್ಯಾಹ್ನ ತುಂಬಾ ಬೇಜಾರು. ಮುಂಚೆ ಮನೆ ತುಂಬಾ ಜನ ಇರೋರು."

ಆರು ವರ್ಷ ಕಳೆದವು. ೧೯೯೪ರ ಬೇಸಿಗೆಯಲ್ಲಿ ಒಂದು ದಿನ ಅವಳು ನೂಲು ಸುತ್ತುವ ಜಾಗದಲ್ಲಿ ಇರುವೆಗಳ ಸಾಲು ಕಂಡಿತು. ಸಾಲು ನೆಲದಿಂದ ಹತ್ತಿ ಅವಳ ಸೆರಗಿನ ಗಂಟಿನೊಳಗೆ ಹೋಗುತ್ತಿತ್ತು.

"ಏನಕ್ಕಾ ಅದು?"

"ಬೆಲ್ಲ."

"ಯಾಕೆ?"

"ಯಾಕೆ ಅಂತ ಮೇಷ್ಟ್ರಿಗೆ ಗೊತ್ತಿಲ್ವಾ?" ಎಂದು ಸೆರಗು ಕೊಡವಿದಳು. ಅವಳ ಮೈ ಊದಿಕೊಂಡಿತ್ತು. ಬೆಳಿಗ್ಗೆ ಎದ್ದೊಡನೆ ಬೆಲ್ಲ, ಮಲಗುವ ಮುನ್ನ ಬೆಲ್ಲ. ಉಪವಾಸವನ್ನು ಹೆಸರಿಗೆ ಮಾತ್ರ ಇಟ್ಟುಕೊಂಡು ಮರೆಯಲ್ಲಿ ತಿನ್ನುತ್ತಿದ್ದಳು. ತಿನ್ನಲು ತಡವಾದ ಶುಕ್ರವಾರಗಳಲ್ಲಿ ಮಗ್ಗ ನಿಲ್ಲುತ್ತಿತ್ತು, ಕುಂಕುಮದ ಬಟ್ಟಲುಗಳು ಬರುತ್ತಿದ್ದವು. ತಾಯಿ ತಿರುಗಿ ಬಂದಳೆಂದು ಬೀದಿಯ ಹೆಂಗಸರು ಸಂತೋಷಪಟ್ಟಿದ್ದರು. ನಾನು ಗೋಡೆಗೆ ಒರಗಿ ಕೂತೆ. ಮುಗಿಯಿತೆಂದು ನಂಬಿದ ಕೆಲಸವನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾದಾಗ ಮನುಷ್ಯನಿಗೆ ಭಯಕ್ಕಿಂತ ಮುಂಚೆ ಸುಸ್ತಾಗುತ್ತದೆ.

ದೊಡ್ಡಾಸ್ಪತ್ರೆಯಲ್ಲಿ ಈಗ ಗ್ರಂಥಿರೋಗಗಳಿಗೇ ಮೀಸಲಾದ ಒಬ್ಬ ವೈದ್ಯೆ ಇದ್ದರು. ವಯಸ್ಸು ಚಿಕ್ಕದು, ಮಾತು ಹಳ್ಳಿಯವರ ಹಾಗೆ ನೇರ. ಮೂತ್ರದಲ್ಲಿ ಕಲ್ಲು ಹೋಗಿತ್ತೇ ಎಂದು ಅಕ್ಕನನ್ನು ಕೇಳಿದರು. ಎರಡು ಸಲ ಹೋಗಿತ್ತು. ತಂದೆಗೆ?

"ಅವರಿಗೆ ಹೋಗ್ತಾನೇ ಇತ್ತು," ಎಂದಳು ಅವ್ವ. "ಬಾಳೆದಿಂಡಿನ ರಸ ಕುಡೀತಿದ್ರು. ಮಗ್ಗದ ಮುಂದೆ ಕೂತೋರು ನೀರು ಎಲ್ಲಿ ಕುಡೀತಾರಮ್ಮಾ?"

"ಅವರು ಏನಾಗಿ ಹೋದ್ರು?"

"ಹೊಟ್ಟೆ ಹುಣ್ಣು. ರಕ್ತ ವಾಂತಿ ಮಾಡ್ಕೊಂಡು ಹೋದ್ರು."

ವೈದ್ಯೆ ಅಕ್ಕನ ಕಡೆ ತಿರುಗಿದರು. "ಈ ತಲೆಸುತ್ತು ಮತ್ತೆ ಯಾವಾಗ ಶುರುವಾಯ್ತು?"

"ನಾನು ತಲೆಸುತ್ತು ಅಂತೀನಿ ಮೇಡಂ. ನಮ್ಮ ಬೀದಿಯೋರು ದೇವಿ ತಿರುಗಿ ಬಂದವ್ಳೆ ಅಂತಾರೆ," ಎಂದು ಅಕ್ಕ ನಗುತ್ತಾ ಶುಕ್ರವಾರಗಳ ಕಥೆಯನ್ನೆಲ್ಲ ಹೇಳಿದಳು.

ವೈದ್ಯೆ ನಗಲಿಲ್ಲ. ಅವ್ವನ ಕಡೆ ತಿರುಗಿ ಕೇಳಿದರು: "ಅಮ್ಮಾ, ನಿಮ್ಮ ಮನೇಲಿ ಇವರಿಗಿಂತ ಮುಂಚೆ ಯಾರಿಗಾದ್ರೂ ದೇವಿ ಬರ್ತಿದ್ಲಾ?"

ಅವ್ವನ ಮುಖ ಅರಳಿತು. ಆರು ವರ್ಷಗಳಲ್ಲಿ ಆಸ್ಪತ್ರೆಯವರು ಕೇಳಿದ ಮೊದಲ ಮರ್ಯಾದೆಯ ಪ್ರಶ್ನೆ ಅದು. "ನಮ್ಮತ್ತೆಗೆ ಬರ್ತಿದ್ಲಲ್ಲಮ್ಮಾ! ಬೂದಿಗೆರೆ ಕಡೆಯಿಂದೆಲ್ಲಾ ಗಾಡಿ ಕಟ್ಕೊಂಡು ಜನ ಬರೋರು."

"ಯಾವಾಗ ಬರ್ತಿದ್ಲು?"

"ಶುಕ್ರವಾರ. ಉಪವಾಸದ ದಿನ."

"ಏನು ಕೊಟ್ರೆ ಹೋಗ್ತಿದ್ಲು?"

"ಪಾನಕ."

ವೈದ್ಯೆ ಪೆನ್ನು ಕೆಳಗಿಟ್ಟರು. ಅವ್ವ ಇನ್ನೂ ತನ್ನ ಅತ್ತೆಯ ಮಹಿಮೆಯನ್ನು ಹೇಳುತ್ತಲೇ ಇದ್ದಳು. ಅಜ್ಜಿ ಒಂದು ಶುಕ್ರವಾರ ದೇವಿ ಬಂದವಳು ಹೋಗದೆ ಹಾಗೆಯೇ ಪ್ರಾಣ ಬಿಟ್ಟದ್ದು ಅಂಥ ಪುಣ್ಯವಂತರಿಗೆ ಮಾತ್ರ ಬರುವ ಸಾವೆಂದು ಹೇಳಿದಳು. ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಇದು ವಂಶದಲ್ಲಿ ಇಳಿದು ಬರುವ ಕಾಯಿಲೆಯೆಂದು ವೈದ್ಯೆ ವಿವರಿಸಿದ್ದನ್ನು ಅಂದು ಸಂಜೆ ಬಸ್ಸಿನಲ್ಲಿ ಅವ್ವನಿಗೆ ಅರ್ಥವಾಗುವಂತೆ ಹೇಳಲು ನಾನು ಭಾವನ ಮಗ್ಗವನ್ನೇ ಆಶ್ರಯಿಸಬೇಕಾಯಿತು. ಸೀರೆಯ ಅಂಚಿನ ಹೂವು ಬರುವುದು ಮಗ್ಗದ ಮೇಲೆ ತೂಗುವ ತೂತಿನ ರಟ್ಟುಗಳಿಂದ. ಒಂದು ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಆ ಹೂವು ಪ್ರತಿ ಸೀರೆಯಲ್ಲೂ ತಪ್ಪುತ್ತದೆ. ಕೆಟ್ಟ ಎಳೆಯನ್ನು ಕತ್ತರಿಸಿ ಸರಿಮಾಡಬಹುದು. ರಟ್ಟು ಅಲ್ಲೇ ಇರುವುದರಿಂದ ಮುಂದೆ ಎಲ್ಲೋ ಅದು ಮತ್ತೆ ಕಾಣುತ್ತದೆ. ಮೈಯ ಕಣಕಣದಲ್ಲೂ ಅಂಥ ರಟ್ಟುಗಳಿವೆ, ತಂದೆಯದೊಂದು, ತಾಯಿಯದೊಂದು. ಅಪ್ಪನಿಂದ ಅಕ್ಕನಿಗೆ ಬಂದದ್ದು ತಪ್ಪು ರಟ್ಟು. ಜೊತೆಯ ಒಳ್ಳೆಯ ರಟ್ಟು ಇರುವವರೆಗೆ ಕೆಲಸ ನಡೆಯುತ್ತದೆ; ಯಾವುದೋ ಒಂದು ಕಣದಲ್ಲಿ ಅದೂ ಹರಿದಾಗ ಅಲ್ಲಿ ಗಡ್ಡೆ ಏಳುತ್ತದೆ. ಇಂದು ಒಂದು ಕಡೆ, ಆರು ವರ್ಷದ ಮೇಲೆ ಇನ್ನೊಂದು ಕಡೆ; ಎದ್ದ ಗ್ರಂಥಿ ಬೇರೆಯಾದರೆ ಕಾಯಿಲೆಯ ರೂಪವೂ ಬೇರೆ. ಅಜ್ಜಿಯ ದೇವಿ, ಅಪ್ಪನ ಕಲ್ಲು, ಅಪ್ಪನ ಹುಣ್ಣು, ಅಕ್ಕನ ಗಡ್ಡೆ ಎಲ್ಲವೂ ಅದೇ ಒಂದು ತೂತಿನಿಂದ.

ಅವ್ವ ಸೀಟಿನಲ್ಲಿ ನನ್ನತ್ತ ಬಾಗಿದಳು. "ನಮ್ಮತ್ತೆಗೆ ಕಾಯಿಲೆ ಇತ್ತು ಅಂತ ಬೀದೀಲಿ ಹೇಳ್ಬೇಡ," ಎಂದಳು.

ಎರಡನೆಯ ಸಲ ಅಕ್ಕನ ಗ್ರಂಥಿಯ ಅರ್ಧಭಾಗವನ್ನೇ ತೆಗೆದರು. ಅದರಲ್ಲಿ ಒಂದಲ್ಲ, ಹಲವು ಗಡ್ಡೆಗಳಿದ್ದವು. ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಕಲ್ಲು ಕಟ್ಟಿಸುತ್ತಿದ್ದ ಕುತ್ತಿಗೆಯ ಸಣ್ಣ ಗ್ರಂಥಿಗಳನ್ನು ಮರುವರ್ಷ ತೆಗೆದರು. ಮೇದೋಜೀರಕ ಗ್ರಂಥಿಯ ಉಳಿದ ಅರ್ಧದ ಕೆಲಸ ಸಾಲದೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. "ಇಷ್ಟು ದಿನ ಬೆಲ್ಲ ತಿನ್ನು ಅಂದ್ರು, ಈಗ ಮುಟ್ಬೇಡ ಅಂತಾರೆ. ಈ ಡಾಕ್ಟ್ರುಗಳು ಒಂದು ಮಾತಲ್ಲಿ ನಿಲ್ಲಲ್ಲಪ್ಪಾ," ಎಂದು ಅಕ್ಕ ಗೊಣಗುತ್ತಿದ್ದಳು. ಉಪವಾಸ ಕೂಡದೆಂದು ವೈದ್ಯೆ ಕಟ್ಟುನಿಟ್ಟು ಮಾಡಿದರು.

ಆದರೆ ಹರಕೆ ನಿಲ್ಲುವಂತಿರಲಿಲ್ಲ. ಅಕ್ಕನಿಗೆ ಒಬ್ಬಳೇ ಮಗಳು. ಮೊದಲ ಶಸ್ತ್ರಚಿಕಿತ್ಸೆಯಾದಾಗ ಒಂಬತ್ತು ವರ್ಷದವಳಾಗಿದ್ದವಳು ಈಗ ಕಾಲೇಜಿನಲ್ಲಿದ್ದಳು. ಮದುವೆಯ ವಯಸ್ಸಿನ ಹುಡುಗಿ ಶುಕ್ರವಾರ ಹಿಡಿದರೆ ಒಳ್ಳೆಯದೆಂದು ಅವ್ವ ಅವಳಿಗೆ ಹರಕೆ ಒಪ್ಪಿಸಿದಳು. ಅಕ್ಕ ಬೇಡವೆಂದಳು, ಅವ್ವನ ಕಣ್ಣೀರಿನ ಮುಂದೆ ಸೋತಳು.

೧೯೯೮ರ ಶ್ರಾವಣದ ಒಂದು ಶುಕ್ರವಾರ, ಶಾಲೆಗೆ ರಜೆಯಿದ್ದುದರಿಂದ ನಾನೂ ಅಲ್ಲಿದ್ದೆ. ಹುಡುಗಿ ಕಂಡಿಕೆ ಬುಟ್ಟಿ ಎತ್ತಿಕೊಂಡು ಏಳುವಾಗ ತೂರಾಡಿ ಗೋಡೆ ಹಿಡಿದಳು. ಭಾವನ ಕೈ ಅಭ್ಯಾಸಬಲದಿಂದ ಸ್ವಿಚ್ಚಿಗೆ ಹೋಯಿತು. ಮಗ್ಗಗಳು ನಿಂತವು. ನಾನು ಚೊಂಬಿನ ಕಡೆ ತಿರುಗುವಷ್ಟರಲ್ಲಿ ಕುಂಕುಮದ ಬಟ್ಟಲುಗಳು ಬಾಗಿಲಲ್ಲಿದ್ದವು.

"ಮಗಳಿಗೆ ಇಳಿದವ್ಳೆ ತಾಯಿ! ನಾನು ಹೇಳಿರ್ಲಿಲ್ವಾ?" ಎಂದಳು ಎದುರು ಮನೆಯಾಕೆ.

"ನನಗೇನೂ ಆಗಿಲ್ಲ ಅತ್ತೆ. ಬೆಳಿಗ್ಗೆಯಿಂದ ಕಾಫೀನೂ ಕುಡಿದಿಲ್ಲ, ಅದಕ್ಕೆ," ಎಂದಳು ಹುಡುಗಿ. ಅವಳ ತುಟಿ ಬಿಳಿಚಿತ್ತು.

"ತಾಯಿ ಬಂದಾಗ ಹಾಗೇ ಅನ್ಸೋದು."

ಅಕ್ಕ ಮಗಳ ಮುಂದೆ ಬಂದು ನಿಂತಳು. "ಹೋಗ್ರೇ ಎಲ್ಲಾ," ಎಂದಳು. ಅವಳು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುವಾರ ದೊಡ್ಡಾಸ್ಪತ್ರೆಯಲ್ಲಿ ನೋಡಿದಾಗ ಹುಡುಗಿಯ ರಕ್ತದ ಸಕ್ಕರೆ ಸರಿಯಾಗಿತ್ತು. ಅಷ್ಟರಿಂದ ಏನೂ ಇತ್ಯರ್ಥವಾಗದೆಂದು ವೈದ್ಯೆ ಹೇಳಿದರು. ಆ ತಪ್ಪು ಯಾವ ವಂಶವಾಹಿಯಲ್ಲಿದೆಯೆಂಬುದು ಹಿಂದಿನ ವರ್ಷವಷ್ಟೇ ಪತ್ತೆಯಾಗಿತ್ತು. ಮೊದಲು ಅಕ್ಕನ ರಕ್ತದಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕಿ, ಆಮೇಲೆ ಅದೇ ಜಾಗವನ್ನು ಹುಡುಗಿಯಲ್ಲೂ ನನ್ನಲ್ಲೂ ನೋಡಬಹುದು. ತಮ್ಮ ಪರಿಚಯದವರ ಮೂಲಕ ಹೊರದೇಶದ ಪ್ರಯೋಗಾಲಯಕ್ಕೆ ಕಳಿಸುತ್ತೇನೆಂದರು. ತಂದೆ ಅಥವಾ ತಾಯಿಯಲ್ಲಿದ್ದರೆ ಮಗುವಿಗೆ ಬರುವ ಸಾಧ್ಯತೆ ಸಮಸಮ.

"ಬೇಡ," ಎಂದಳು ಅಕ್ಕ, ಮನೆಗೆ ಬಂದ ಮೇಲೆ. "ಇದೆ ಅಂತ ಗೊತ್ತಾಗ್ಬಿಟ್ರೆ ಇವಳ ಮುಖ ನೋಡ್ದಾಗೆಲ್ಲಾ ನನಗೆ ಅದೇ ಕಾಣುತ್ತೆ."

"ಗೊತ್ತಾಗ್ದೇ ಇದ್ರೆ ಪ್ರತಿ ಶುಕ್ರವಾರ ಎಲ್ಲರೂ ನನ್ನ ಮುಖಾನೇ ನೋಡ್ತಾರಲ್ಲಮ್ಮಾ," ಎಂದಳು ಹುಡುಗಿ. ನನ್ನ ಕಡೆ ತಿರುಗಿ, "ಮಾಮಾ, ನನ್ನ ರಕ್ತ ಕಳ್ಸಿ," ಎಂದಳು.

ಮೂವರ ರಕ್ತವೂ ಹೋಯಿತು. ಗಣಪತಿ ಹಬ್ಬ, ದಸರೆ, ದೀಪಾವಳಿ ಕಳೆದವು, ಸಂಕ್ರಾಂತಿಯೂ ಕಳೆಯಿತು. ಅಕ್ಕ ಆ ಮಾತೆತ್ತುತ್ತಿರಲಿಲ್ಲ. ಮಗಳು ಉಪವಾಸವಿದ್ದ ಶುಕ್ರವಾರಗಳಲ್ಲಿ ಕೆಲಸ ಬಿಟ್ಟು ಅವಳ ಎದುರಿಗೇ ಕೂತಿರುತ್ತಿದ್ದಳು, ಮಡಿಲಲ್ಲಿ ಚೊಂಬಿಟ್ಟುಕೊಂಡು.

ಶಿವರಾತ್ರಿಗೆ ಮುಂಚಿನ ಗುರುವಾರ ವೈದ್ಯೆ ಕರೆಸಿದರು. ಅಕ್ಕ, ಹುಡುಗಿ, ನಾನು ಮೂವರೂ ಹೋದೆವು. ಅಕ್ಕನಲ್ಲಿ ಸಿಕ್ಕ ತಪ್ಪು ನನ್ನಲ್ಲಿ ಇಲ್ಲ. ಹುಡುಗಿಯಲ್ಲಿ ಇದೆ.

"ಇದೆ ಅಂದ್ರೆ ಬಂದಿದೆ ಅಂತ ಅಲ್ಲ," ಎಂದರು ವೈದ್ಯೆ ಅವಳಿಗೆ. "ವರ್ಷ ವರ್ಷ ನೋಡ್ತಾ ಇರ್ತೀವಿ. ಗಡ್ಡೆ ಎದ್ದರೆ ಸಣ್ಣದಿದ್ದಾಗಲೇ ಹಿಡೀತೀವಿ. ನಿಮ್ಮಮ್ಮನ ಹಾಗೆ ಬಿದ್ದ ಮೇಲೆ ಅಲ್ಲ. ನೀನು ಮಾತ್ರ ಹೊಟ್ಟೆ ಖಾಲಿ ಬಿಡಬೇಡ."

ನನ್ನ ಪಾಲಿನ ಮಾತು ಕೇಳಿ ನನಗೆ ಹಗುರವೆನಿಸಲಿಲ್ಲ. ಒಂದೇ ತಂದೆಯ ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಆ ತಪ್ಪು ಯಾವ ಕಾರಣವೂ ಇಲ್ಲದೆ ಬಿಟ್ಟುಬಿಟ್ಟಿತ್ತು. ಬಸ್ಸಿನಲ್ಲಿ ಯಲಹಂಕ ದಾಟಿದ ಮೇಲೆ ಹುಡುಗಿ ತಾಯಿಯ ಹೆಗಲಿಗೆ ಒರಗಿ ನಿದ್ದೆ ಹೋದಳು. ಅಕ್ಕ ನೇರವಾಗಿ ಕೂತು ಊರು ಬರುವವರೆಗೂ ಹೆಗಲು ಅಲ್ಲಾಡಿಸಲಿಲ್ಲ.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮುಂಚೆ ಅವ್ವನನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆ. ಬೀದಿಯ ಮಗ್ಗಗಳೆಲ್ಲ ಆಗಲೇ ಬಡಿಯುತ್ತಿದ್ದವು. ಭಾವನ ಮಗ್ಗಗಳು ಮಾತ್ರ ನಿಂತಿದ್ದವು. ಅಕ್ಕನೇ ಸ್ವಿಚ್ಚು ಆರಿಸಿದ್ದಳು. ಸದ್ದು ನಿಂತದ್ದು ಕೇಳಿ ಹೆಂಗಸರು ಬಟ್ಟಲು ಹಿಡಿದು ಬಂದರು. ಹುಡುಗಿ ಜಗಲಿಯ ಮೇಲೆ, ಎಲ್ಲರಿಗೂ ಕಾಣುವಂತೆ ಕೂತಿದ್ದಳು. ಅಕ್ಕ ಒಳಗಿನಿಂದ ಒಂದು ತಟ್ಟೆ ಉಪ್ಪಿಟ್ಟು ತಂದು ಅವಳ ಮುಂದಿಟ್ಟಳು.

"ಶುಕ್ರವಾರ ಕಣೇ!" ಎಂದಳು ಎದುರು ಮನೆಯಾಕೆ. "ದೀಪ ಹಚ್ಚಿಲ್ಲ, ಏನಿಲ್ಲ."

"ದೀಪ ಆಮೇಲೆ ಹಚ್ತೀನಿ. ಮೊದ್ಲು ಇವ್ಳು ತಿನ್ಲಿ."

"ತಾಯಿ ಸುಮ್ನಿರ್ತಾಳಾ?"

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. "ಕೇಳ್ರೇ. ನಮ್ಮಜ್ಜಿಗೆ ಇತ್ತು. ನಮ್ಮಪ್ಪನಿಗೆ ಇತ್ತು. ನನಗೆ ಮೂರು ಸಲ ಕುಯ್ದಿದ್ದಾರೆ. ಇವಳ ರಕ್ತದಲ್ಲೂ ಇದೆ. ಕಾಯಿಲೆ ಕಣ್ರೇ ಇದು, ಕಾಯಿಲೆ. ಇವಳನ್ನ ನೋಡೋಕೆ ಬರೋ ಗಂಡಿನ ಕಡೆಯೋರಿಗೂ ನಾನೇ ಹೇಳ್ತೀನಿ, ನೀವು ಕಷ್ಟಪಡ್ಬೇಡಿ."

ನಾನು ಅವ್ವನನ್ನು ನೋಡಿದೆ. ಅವಳು ತನ್ನ ಅತ್ತೆಯ ಮರ್ಯಾದೆಯನ್ನು ಐದು ವರ್ಷ ಕಾಪಾಡಿಕೊಂಡು ಬಂದಿದ್ದಳು. ಈಗ ಅದು ಬೀದಿಯ ಪಾಲಾಗಿತ್ತು. ಹುಡುಗಿ ಉಪ್ಪಿಟ್ಟಿನಲ್ಲಿ ಬೆರಳಿಟ್ಟು ಅಜ್ಜಿಯ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. ಅವ್ವ ನಿಧಾನವಾಗಿ ಜಗಲಿಯ ಅಂಚಿನಲ್ಲಿ, ಮೊಮ್ಮಗಳ ಪಕ್ಕದಲ್ಲಿ ಕೂತಳು.

"ತಿನ್ನು, ಆರಿಹೋಗುತ್ತೆ," ಎಂದಳು. ಹುಡುಗಿ ಒಂದು ತುತ್ತು ಬಾಯಿಗಿಟ್ಟ ಮೇಲೆ ಅವ್ವ ಕೇಳಿದಳು: "ಉಪ್ಪು ಸರಿಯಾಗಿದೆಯೇನೇ?"

ಭಾವ ಒಳಗೆ ಹೋಗಿ ಸ್ವಿಚ್ಚು ಹಾಕಿದರು. ನಮ್ಮ ಮನೆಯ ಶುಕ್ರವಾರದ ಹರಕೆ ನಿಂತದ್ದು ಅಂದು: ೧೯೯೯ನೆಯ ಇಸವಿ, ಫೆಬ್ರುವರಿ ೧೨.